ಮುಪ್ಪಿನ ಕಾವಲು ನಾಯಿಗೆ ತಕ್ಕ ಆಹಾರ

ಹೊಲದ ಮನೆ, ತೋಟದ ಮನೆಗಳಲ್ಲಿ ವಾಸಿಸುವ ನಮ್ಮ ರೈತರಲ್ಲಿ ನಾಯಿ ಸಾಕದವರು ವಿರಳ. ಎತ್ತಿಗೆ ಹಿಂಡಿ ಎಷ್ಟು, ಹಸುವಿಗೆ ಹಸಿರು ಮೇವು ಎಷ್ಟು ಎಂದು ಲೆಕ್ಕ ಹಾಕುವ ರೈತನು ನಾಯಿಯ ಊಟದ ವಿಷಯಕ್ಕೆ ಬಂದಾಗ ಮಾತ್ರ ಉಳಿದದ್ದನ್ನು ಸುರಿದು ಸುಮ್ಮನಾಗುವುದು ವಾಡಿಕೆ. ಪ್ರಾಯದ ನಾಯಿ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಇಲಿ, ಹೆಗ್ಗಣ ಹಿಡಿದು ಕೊರತೆಯನ್ನು ತುಂಬಿಕೊಳ್ಳುತ್ತದೆ. ಮುದಿ ನಾಯಿಗೆ ಅದು ಸಾಧ್ಯವಿಲ್ಲ.

ಬೇಸಾಯ ಶಾಸ್ತ್ರದವನು ನಾಯಿಯ ಊಟದ ಬಗ್ಗೆ ಬರೆಯುವುದೇಕೆಂದು ಓದುಗರು ಕೇಳಬಹುದು. ನಾಯಿಯ ತಟ್ಟೆಗೆ ಬೀಳುವುದೂ ನಾವು ಬೆಳೆದ ರಾಗಿ, ಜೋಳ, ಮೆಕ್ಕೆಜೋಳ, ಕಡಲೆಕಾಯಿ ಹಿಂಡಿಗಳೇ ಎಂಬುದು ಒಂದು ಕಾರಣ. ಇನ್ನೊಂದು, ನನ್ನ ಮನೆಯಲ್ಲೇ ಆದ ತಪ್ಪು. ನಮ್ಮ ತೋಟದ ನಾಯಿಗೆ ಹನ್ನೊಂದು ವರ್ಷ ತುಂಬಿದಾಗ ಅದು ದಿನೇ ದಿನೇ ಬಡವಾಗತೊಡಗಿತು. ‘ವಯಸ್ಸಾಯಿತು, ಇನ್ನು ಅರಗುವುದಿಲ್ಲ’ ಎಂದುಕೊಂಡು ಬಾಡು, ಮೊಟ್ಟೆ ನಿಲ್ಲಿಸಿ ಬರೀ ಮುದ್ದೆ, ಮಜ್ಜಿಗೆ ಕೊಟ್ಟೆವು. ಎರಡು ತಿಂಗಳಲ್ಲಿ ಬೆನ್ನೆಲುಬು ಎಣಿಸುವಂತಾಯಿತು. ಕೊನೆಗೆ ಪಶುವೈದ್ಯರು ಬಾಯಿ ತೆರೆಸಿ ನೋಡಿದರೆ ಎರಡು ದವಡೆ ಹಲ್ಲುಗಳು ಕೊಳೆತು ಕೀವಾಗಿತ್ತು. ನೋವಿನಿಂದ ಅರ್ಧಕ್ಕೇ ಊಟ ಬಿಡುತ್ತಿದ್ದ ಪ್ರಾಣಿಗೆ ನಾವು ಇದ್ದ ಸತ್ವವನ್ನೂ ಕಿತ್ತುಕೊಂಡಿದ್ದೆವು. ಹಲ್ಲು ಕೀಳಿಸಿ, ಆಹಾರ ಬದಲಿಸಿದ ಮೇಲೆ ಅದು ಇನ್ನೂ ಎರಡು ವರ್ಷ ಕಾವಲು ಕಾಯಿತು.

ಸಾಧಾರಣ ಗಾತ್ರದ ನಾಯಿಯನ್ನು ಎಂಟು, ಒಂಬತ್ತು ವರ್ಷಕ್ಕೂ ಭಾರಿ ಜಾತಿಯದನ್ನು ಆರು, ಏಳು ವರ್ಷಕ್ಕೂ ಮುಪ್ಪಿಗೆ ಬಂದಿತೆಂದು ತಿಳಿಯಬಹುದು. ಓಡಾಟ ಕಡಿಮೆಯಾಗುವುದರಿಂದ ಅದಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ. ಆದರೆ ಸಸಾರಜನಕದ, ಅಂದರೆ ಪ್ರೋಟೀನಿನ, ಅಗತ್ಯ ಕಡಿಮೆಯಾಗುವುದಿಲ್ಲ. ವಯಸ್ಸಿನೊಡನೆ ಮಾಂಸಖಂಡಗಳು ಕರಗುವುದರಿಂದ ಅದು ಇನ್ನಷ್ಟು ಬೇಕಾಗುತ್ತದೆ. ಮುದಿ ನಾಯಿಗೆ ಮಾಂಸ ಕೊಟ್ಟರೆ ಮೂತ್ರಪಿಂಡ ಕೆಡುತ್ತದೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಆರೋಗ್ಯವಾಗಿರುವ ನಾಯಿಯ ಮಟ್ಟಿಗೆ ಇದಕ್ಕೆ ಆಧಾರವಿಲ್ಲ. ಮೂತ್ರಪಿಂಡದ ರೋಗ ಈಗಾಗಲೇ ಬಂದಿದ್ದರೆ ಪಥ್ಯವೇ ಬೇರೆ. ಅದನ್ನು ಪಶುವೈದ್ಯರೇ ಹೇಳಬೇಕು.

ಲೆಕ್ಕ ಹಾಕಿ ನೋಡೋಣ. 20 ಕಿಲೊ ತೂಕದ ಮುದಿ ನಾಯಿಗೆ ದಿನಕ್ಕೆ ಸುಮಾರು 800ರಿಂದ 900 ಕಿಲೊ ಕ್ಯಾಲೊರಿ ಶಕ್ತಿ ಸಾಕು. 250 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಇಷ್ಟು ಶಕ್ತಿ ದೊರೆಯುತ್ತದೆ. ಆದರೆ ಅದರಲ್ಲಿರುವ ಸಸಾರಜನಕ 18 ಗ್ರಾಂ ಮಾತ್ರ; ಬೇಕಾದದ್ದು 50 ಗ್ರಾಂ ಆಸುಪಾಸು. ಹೊಟ್ಟೆ ತುಂಬಿದರೂ ಮೈ ಕರಗುವುದು ಹೀಗೆ.

ರಾಗಿಯನ್ನು ಬಿಡಬೇಕಾಗಿಲ್ಲ. ಸುಣ್ಣಾಂಶದಲ್ಲಿ ಅದನ್ನು ಮೀರಿಸುವ ಧಾನ್ಯವಿಲ್ಲ. ಹಿಟ್ಟನ್ನು 120 ಗ್ರಾಂಗೆ ಇಳಿಸಿ ಮೆತ್ತಗೆ ಬೇಯಿಸಿ, ಅದಕ್ಕೆ ಮೂಳೆ ತೆಗೆದು ಬೇಯಿಸಿದ 120 ಗ್ರಾಂ ಕೋಳಿ ಮಾಂಸ, ಎರಡು ಬೇಯಿಸಿದ ಮೊಟ್ಟೆ, 100 ಗ್ರಾಂ ಮೊಸರು, ಒಂದು ಟೀ ಚಮಚ ಎಣ್ಣೆ, ಒಂದು ಹಿಡಿ ಬೇಯಿಸಿದ ಸಿಹಿಗುಂಬಳ ಅಥವಾ ಗಜ್ಜರಿ ಸೇರಿಸಿದರೆ ಸಸಾರಜನಕ 47 ಗ್ರಾಂ ಮುಟ್ಟುತ್ತದೆ. ಚೆನ್ನಾಗಿ ತೊಳೆದು, ಕುದಿಸಿ, ಒಣಗಿಸಿದ ಮೊಟ್ಟೆಯ ಚಿಪ್ಪಿನ ನುಣುಪಾದ ಪುಡಿಯನ್ನು ಕಾಲು ಟೀ ಚಮಚ ಬೆರೆಸತಕ್ಕದ್ದು. ವಾರಕ್ಕೊಮ್ಮೆ ಒಂದು ತುಂಡು ಈಲಿ ಕೊಟ್ಟರೆ ‘ಎ’ ಜೀವಸತ್ವ ಸಿಗುತ್ತದೆ. ಇಷ್ಟಾದರೂ ಮನೆಯ ಆಹಾರದಲ್ಲಿ ಕೆಲವು ಖನಿಜಗಳು ಸಾಲದೆ ಬರುವುದುಂಟು. ವೈದ್ಯರನ್ನು ಕೇಳಿ ನಾಯಿಗೆಂದೇ ಇರುವ ಖನಿಜ ಮಿಶ್ರಣವನ್ನು ಕೊಡಬೇಕು; ಹಸುವಿಗೆ ತಂದದ್ದನ್ನು ಹಾಕಬಾರದು. ಮಾಂಸ ತರದ ಮನೆಯವರು ಮೊಸರು, ಪನೀರು ಹೆಚ್ಚಿಸಿ, ನುಣ್ಣಗೆ ಬೆಂದ ತೊಗರಿ ಬೇಳೆಯನ್ನೋ ನೆನೆಸಿ ಚೆನ್ನಾಗಿ ಬೇಯಿಸಿದ ಸೋಯಾ ಅವರೆಯನ್ನೋ ಕೊಡಬಹುದು. ಸೋಯಾ ಅರೆಬೆಂದರೆ ಅದರ ಸಸಾರಜನಕ ಅರಗುವುದಿಲ್ಲ. ಮೊಟ್ಟೆಯೂ ಬೇಡವೆನ್ನುವವರ ಮುದಿ ನಾಯಿಯನ್ನು ಚೆನ್ನಾಗಿ ಇಡುವುದು ಕಷ್ಟ ಎಂದೇ ನನ್ನ ಅಭಿಪ್ರಾಯ.

ರೈತ ಬಾಂಧವರು ಮುಖ್ಯವಾಗಿ ಗಮನಿಸಬೇಕಾದ ವಿಷಯ ಬೂಷ್ಟಿನದು. ಸುಗ್ಗಿಯಲ್ಲಿ ಮಳೆಗೆ ಸಿಕ್ಕಿದ ಮೆಕ್ಕೆಜೋಳ, ಕಪ್ಪಾದ ಕಡಲೆಕಾಯಿ, ಗಂಟುಕಟ್ಟಿದ ಹಿಂಡಿ ಇವನ್ನು ಬೇರ್ಪಡಿಸಿ ‘ನಾಯಿಗಾಯಿತು’ ಎಂದು ಎತ್ತಿಡುವ ಅಭ್ಯಾಸ ನಮ್ಮಲ್ಲಿದೆ. ಅವುಗಳ ಮೇಲೆ ಬೆಳೆಯುವ ಆಸ್ಪರ್ಜಿಲ್ಲಸ್ ಎಂಬ ಶಿಲೀಂಧ್ರವು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಬೆಳಕಿಗೆ ಬಂತು; ಅವು ತಿಂದದ್ದು ಕಡಲೆಕಾಯಿ ಹಿಂಡಿ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಜನರ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದೇ ಊಟವನ್ನು ಹಂಚಿಕೊಂಡ ನಾಯಿಗಳಿಗೂ ಕಾಮಾಲೆಯಾಗಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ನಾಯಿಯ ಪಿತ್ತಜನಕಾಂಗ ಈ ವಿಷಕ್ಕೆ ಬಹಳ ಸೂಕ್ಷ್ಮವಾದದ್ದು. ಬೇಯಿಸಿದರೆ, ಹುರಿದರೆ ವಿಷ ಪೂರ್ತಿ ಹೋಗುವುದಿಲ್ಲ. ಬೂಷ್ಟನ್ನು ಒರೆಸಿ ಹಾಕಿದರೂ ಕಾಳಿನೊಳಗೆ ಉಳಿದಿರುತ್ತದೆ. ಕಡಲೆಕಾಯಿಯನ್ನು ಶೇಕಡಾ 8ರ ತೇವಕ್ಕೂ ಮೆಕ್ಕೆಜೋಳವನ್ನು ಶೇಕಡಾ 12ರ ತೇವಕ್ಕೂ ಒಣಗಿಸಿ ಸಂಗ್ರಹಿಸಬೇಕೆಂದು ನಾವು ಹೇಳುತ್ತ ಬಂದಿರುವುದು ಮಾರುಕಟ್ಟೆಯ ಬೆಲೆಗಾಗಿ ಮಾತ್ರವಲ್ಲ. ಕೆಟ್ಟ ಕಾಳನ್ನು ನಾಯಿಗೂ ಹಾಕಬೇಡಿ, ಕೋಳಿಗೂ ಹಾಕಬೇಡಿ; ಸುಟ್ಟುಬಿಡಿ.

ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಊಟವನ್ನು ಒಗ್ಗರಣೆಗೆ ಮೊದಲೇ ತೆಗೆದಿಡಬೇಕು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಮಾರಕ. ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರು ಉದುರಿದ ಹಣ್ಣಿನ ಬಳಿ ನಾಯಿಯನ್ನು ಬಿಡಬಾರದು. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಉಪ್ಪು ಹಾಕಿದ ಒಣಮೀನು ಬೇಡ. ಹಾಲಿನಿಂದ ಭೇದಿಯಾದರೆ ಮೊಸರು ಸಾಕು.

ಪೇಟೆಯ ಚೀಲದ ಆಹಾರ ಕೊಳ್ಳುವವರು ‘ವಯಸ್ಸಾದ ನಾಯಿಗಳಿಗೆ’ ಎಂಬ ಬರಹವೊಂದನ್ನೇ ನೆಚ್ಚಬಾರದು. ಅಮೆರಿಕದವರ ಮಾನಕಗಳಲ್ಲಿಯೂ ಮುದಿ ನಾಯಿಗೆಂದು ಪ್ರತ್ಯೇಕ ಪ್ರಮಾಣವಿಲ್ಲ. ಚೀಲದ ಹಿಂಭಾಗ ಓದಿ, ಸಸಾರಜನಕ ಶೇಕಡಾ 25ಕ್ಕಿಂತ ಕಡಿಮೆಯಿಲ್ಲದ್ದನ್ನು, ಅವಧಿ ಮೀರದ್ದನ್ನು ಆರಿಸಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡಿ.

ಇಷ್ಟು ಆಹಾರ ಸಾಕೇ ಎಂಬುದನ್ನು ತೂಕದಿಂದಲೇ ತಿಳಿಯಬೇಕು. ಕಾಳು ತೂಗುವ ತಕ್ಕಡಿ ಸಾಕು: ನಾಯಿಯನ್ನು ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ನಿಂತು ಕಳೆಯಿರಿ. ತಿಂಗಳಿಗೊಮ್ಮೆ ಗೋಡೆಯ ಮೇಲೆ ಗುರುತು ಹಾಕಿ. ತೂಕ ಏರುತ್ತಿದ್ದರೆ ಹಿಟ್ಟು ತಗ್ಗಿಸಿ, ಮೊಟ್ಟೆಯನ್ನಲ್ಲ. ಇಪ್ಪತ್ತು ಕಿಲೊ ನಾಯಿ ಎರಡು ಕಿಲೊ ಇಳಿದರೆ ಅಥವಾ ಎಂದಿಗಿಂತ ಹೆಚ್ಚು ನೀರು ಕುಡಿದು ಮೂತ್ರ ಮಾಡುತ್ತಿದ್ದರೆ ಆಹಾರ ಬದಲಿಸುತ್ತ ಕಾಲ ಕಳೆಯದೆ ಪಶು ಆಸ್ಪತ್ರೆಗೆ ಒಯ್ಯಬೇಕು. ಮೊದಲು ಬಾಯಿ ತೆರೆಸಿ ಹಲ್ಲು ನೋಡಲು ಹೇಳಿ. ಹೊಸ ಆಹಾರಕ್ಕೆ ಒಮ್ಮೆಲೇ ಹೋಗದೆ, ಹಳೆಯದರೊಡನೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಎಂಟು ಹತ್ತು ದಿನಗಳಲ್ಲಿ ಬದಲಿಸಿ, ದಿನದ ಪಾಲನ್ನು ಬೆಳಿಗ್ಗೆ ಸಂಜೆ ಎರಡು ಹೊತ್ತಿಗೆ ಹಂಚಿ.