ಚಾವಣಿಯ ಬಿಸಿಲನ್ನು ಕಾರಿಗೆ ತುಂಬಿಸುವ ಕ್ರಮ

ಆಸ್ಟ್ರೇಲಿಯದಲ್ಲಿ ಪ್ರತಿ ಮೂರು ಮನೆಗಳಲ್ಲಿ ಸುಮಾರು ಒಂದರ ಚಾವಣಿಯ ಮೇಲೆ ಸೌರಫಲಕಗಳಿವೆ. ಆದರೆ ವಿದ್ಯುತ್ ಕಾರನ್ನು ಕೊಂಡವರಲ್ಲಿ ಅನೇಕರು, ಫಲಕಗಳಿವೆ ಎಂಬ ಕಾರಣಕ್ಕೇ ಕಾರು ಬಿಸಿಲಿನಿಂದ ಓಡುತ್ತಿದೆಯೆಂದು ನಂಬಿ, ರಾತ್ರಿಯ ಹೊತ್ತು ದುಬಾರಿ ವಿದ್ಯುತ್ತನ್ನು ತುಂಬಿಸಿಕೊಳ್ಳುತ್ತಿರುತ್ತಾರೆ. ಬಿಸಿಲಿನ ಶಕ್ತಿಯನ್ನು ಊರೇ ಬಳಸಿಕೊಳ್ಳುವ ವಿಷಯದಲ್ಲಿ ಗಮನಾರ್ಹವಾದದ್ದು ವಿಕ್ಟೋರಿಯ ರಾಜ್ಯದ ಈಶಾನ್ಯದಲ್ಲಿರುವ, ಸುಮಾರು ಎರಡು ಸಾವಿರ ಜನರ ಯಾಕಂಡಾಂಡ. ಮುಚ್ಚುವ ಸ್ಥಿತಿಗೆ ಬಂದಿದ್ದ ಪೆಟ್ರೋಲ್ ಬಂಕನ್ನು 2002ರಲ್ಲಿ ಊರವರೇ ಕೂಡಿ ಕೊಂಡ ಈ ಊರಿನಲ್ಲಿ, 2014ರಲ್ಲಿ ‘ಟೋಟಲಿ ರಿನ್ಯೂಯಬಲ್ ಯಾಕಂಡಾಂಡ’ ಎಂಬ ಸ್ವಯಂಸೇವಕರ ಗುಂಪು ಹುಟ್ಟಿ, 2022ರ ಹೊತ್ತಿಗೆ ಇಡೀ ಊರು ನವೀಕರಿಸಬಹುದಾದ ಶಕ್ತಿಯಿಂದಲೇ ನಡೆಯಬೇಕೆಂಬ ಗುರಿಯನ್ನಿಟ್ಟುಕೊಂಡಿತು, 2021ರಲ್ಲಿ ಸಮುದಾಯ ಬ್ಯಾಟರಿಯೊಂದೂ ಬಂದಿತು. 2019ರ ನವೆಂಬರಿನಲ್ಲಿ ಜಾರಿಗೆ ಬಂದ 491 ಸಂಖ್ಯೆಯ ವೀಸಾ ದೊಡ್ಡ ನಗರಗಳ ಹೊರಗೆ ನೆಲೆಸುವುದನ್ನು ಕಡ್ಡಾಯಗೊಳಿಸಿರುವುದರಿಂದ, ಇಂತಹ ಪ್ರಾದೇಶಿಕ ಊರುಗಳಿಗೆ ಹೋಗುವ ಕನ್ನಡಿಗರಿಗೂ ಮುಂದಿನ ಕ್ರಮ ಉಪಯೋಗಕ್ಕೆ ಬರುತ್ತದೆ.

1. ಮೊದಲು ಓಡಾಟದ ಲೆಕ್ಕ

ಒಂದು ಕಿಲೋವ್ಯಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ನಡೆದರೆ ಖರ್ಚಾಗುವುದು ಒಂದು ಯೂನಿಟ್. ಸಾಧಾರಣ ಗಾತ್ರದ ವಿದ್ಯುತ್ ಕಾರಿಗೆ ನೂರು ಕಿಲೋಮೀಟರಿಗೆ 15ರಿಂದ 18 ಯೂನಿಟ್ ಬೇಕಾಗುವುದರಿಂದ, ದಿನಕ್ಕೆ 40 ಕಿಲೋಮೀಟರ್ ಓಡಿಸುವವರ ನಿತ್ಯದ ಅಗತ್ಯ ಸುಮಾರು 7 ಯೂನಿಟ್ ಮಾತ್ರ. ಹೆದ್ದಾರಿಯಲ್ಲಿ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗುವವರು ಇದಕ್ಕೆ ಇನ್ನಷ್ಟು ಸೇರಿಸಿಕೊಳ್ಳಬೇಕು. ಕಾರಿನ ಬ್ಯಾಟರಿ 60 ಯೂನಿಟ್‌ನದಾದರೂ ದಿನಾ ಅದನ್ನು ಬರಿದಿನಿಂದ ತುಂಬಿಸಬೇಕಾಗಿಲ್ಲವೆಂಬುದು ಮನವರಿಕೆಯಾದರೆ ಮುಂದಿನ ಅರ್ಧದಷ್ಟು ತಪ್ಪುಗಳು ತಾವಾಗಿಯೇ ತಪ್ಪುತ್ತವೆ.

2. ಫಲಕಗಳು ಉತ್ತರಕ್ಕೆ

ಕರ್ನಾಟಕದಲ್ಲಿ ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸುತ್ತಾರೆ. ದಕ್ಷಿಣ ಗೋಳಾರ್ಧದಲ್ಲಿ ಸೂರ್ಯ ಉತ್ತರದ ಕಡೆಯಿಂದ ಸಾಗುವುದರಿಂದ ಆಸ್ಟ್ರೇಲಿಯದಲ್ಲಿ ಅವು ಉತ್ತರಕ್ಕೆ ಮುಖ ಮಾಡಿರಬೇಕು. ಊರಿನಿಂದ ಫೋನಿನಲ್ಲಿ ಬರುವ ಸಲಹೆಯನ್ನು ಈ ಒಂದು ವಿಷಯದಲ್ಲಿ ತಿರುಗಿಸಿ ಓದಿಕೊಳ್ಳುವುದು ಕ್ಷೇಮ. ಸಂಜೆ ನಾಲ್ಕಕ್ಕೆ ಮನೆ ಸೇರುವವರಿಗಾದರೆ ಕೆಲವು ಫಲಕಗಳು ಪಶ್ಚಿಮಕ್ಕಿದ್ದರೂ ಲಾಭವೇ. ಸಾಮಾನ್ಯವಾಗಿ ಕಂಡುಬರುವ ವ್ಯವಸ್ಥೆಯಲ್ಲಿ 6.6 ಕಿಲೋವ್ಯಾಟ್‌ನ ಫಲಕಗಳೂ, ಅವುಗಳ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸಿಕೊಡುವ 5 ಕಿಲೋವ್ಯಾಟ್‌ನ ಇನ್ವರ್ಟರೂ ಇರುತ್ತವೆ. ವಿಕ್ಟೋರಿಯದಲ್ಲಿ ಇದರಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 24 ಯೂನಿಟ್ ಸಿಗುತ್ತದೆಯಾದರೂ, ಚಳಿಗಾಲವಾದ ಜೂನ್‌ನಲ್ಲಿ ಡಿಸೆಂಬರಿನ ಅರ್ಧದಷ್ಟೂ ಸಿಗುವುದಿಲ್ಲ.

3. ಬಿಲ್ಲಿನ ಎರಡು ದರಗಳು

ಕರ್ನಾಟಕದ ನೆಟ್ ಮೀಟರಿಂಗ್‌ನಲ್ಲಿ ಗ್ರಿಡ್‌ಗೆ, ಅಂದರೆ ಸಾರ್ವಜನಿಕ ವಿದ್ಯುತ್ ಜಾಲಕ್ಕೆ, ಕೊಟ್ಟ ಯೂನಿಟ್ಟನ್ನು ಪಡೆದ ಯೂನಿಟ್ಟಿನಿಂದ ಕಳೆಯಲಾಗುತ್ತದೆ. ಆಸ್ಟ್ರೇಲಿಯದಲ್ಲಿ ಕೊಟ್ಟದ್ದಕ್ಕೆ ಒಂದು ದರ, ಕೊಂಡದ್ದಕ್ಕೆ ಇನ್ನೊಂದು. ವಿಕ್ಟೋರಿಯದಲ್ಲಿ 2009ರಲ್ಲಿ ಶುರುವಾದ ವಿಶೇಷ ಯೋಜನೆಯಡಿ, ಹೊರಗೆ ಕೊಟ್ಟ ಯೂನಿಟ್ಟಿಗೆ 60 ಸೆಂಟ್ ಸಿಗುತ್ತಿದ್ದ ಕಾರಣ, ಹಗಲಿನ ವಿದ್ಯುತ್ತನ್ನೆಲ್ಲ ಹೊರಗೆ ಕೊಟ್ಟು ರಾತ್ರಿ ಬಳಸುವುದೇ ಜಾಣತನವಾಗಿತ್ತು. ಆ ಯೋಜನೆ 2024ರಲ್ಲಿ ಮುಗಿದರೂ ಆ ಕಾಲದ ಬುದ್ಧಿವಾದ ನೆರೆಹೊರೆಯವರ ಬಾಯಲ್ಲಿ ಇನ್ನೂ ಉಳಿದಿದೆ. ಅದೇ ರಾಜ್ಯ 2024–25ಕ್ಕೆ ನಿಗದಿಪಡಿಸಿದ್ದ ಕನಿಷ್ಠ ದರ 3.3 ಸೆಂಟ್ ಆಗಿತ್ತು. ಕೊಳ್ಳುವ ದರವನ್ನು 30 ಸೆಂಟ್ ಎಂದಿಟ್ಟುಕೊಂಡರೆ, ಕಾರಿನ 7 ಯೂನಿಟ್ಟಿಗೆ ರಾತ್ರಿಯಲ್ಲಿ 2 ಡಾಲರ್ 10 ಸೆಂಟ್ ತೆರಬೇಕಾಗುತ್ತದೆ; ಅದೇ ಯೂನಿಟ್ಟುಗಳನ್ನು ಸ್ವಂತ ಚಾವಣಿಯಿಂದ ಹಗಲಲ್ಲಿ ತುಂಬಿಸಿದರೆ, 3.3 ಸೆಂಟಿನ ಲೆಕ್ಕದಲ್ಲಿ, ಕೈತಪ್ಪುವ ಆದಾಯ ಸುಮಾರು 23 ಸೆಂಟ್ ಮಾತ್ರ.

4. ಚಾರ್ಜರ್ ದೊಡ್ಡದಾದಷ್ಟೂ ಒಳ್ಳೆಯದಲ್ಲ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಚಾವಣಿಯಲ್ಲಿ 6.6 ಇದೆ, ಆದ್ದರಿಂದ ಗೋಡೆಗೆ 7 ಕಿಲೋವ್ಯಾಟ್‌ನ ಚಾರ್ಜರ್ ಸರಿಹೊಂದುತ್ತದೆ ಎಂಬ ತರ್ಕ ಕೇಳಲು ಚೆನ್ನಾಗಿದ್ದರೂ ಅದರ ಎರಡೂ ಸಂಖ್ಯೆಗಳು ಮೋಸಗೊಳಿಸುವಂಥವು. ಫಲಕಗಳು 6.6 ಕಿಲೋವ್ಯಾಟ್‌ನವಾದರೂ ಇನ್ವರ್ಟರ್ ದಾಟಿ ಬರುವುದು ಹೆಚ್ಚೆಂದರೆ 5. ಅದರಲ್ಲಿ ಫ್ರಿಜ್ಜು, ಪಂಪು, ಅಡುಗೆಮನೆಗಳಿಗೆ ಒಂದು ಕಿಲೋವ್ಯಾಟ್ ಹೋದರೆ ಅಚ್ಚ ಮಧ್ಯಾಹ್ನದಲ್ಲಿಯೂ ಮಿಗುವುದು 4. ಗೋಡೆಯ ಚಾರ್ಜರಾದರೋ, 32 ಆಂಪಿಯರ್‌ನ ಲೆಕ್ಕದಲ್ಲಿ 7.4 ಕಿಲೋವ್ಯಾಟ್ ಎಳೆಯುತ್ತದೆ. ಬಿಸಿಲು ಎಷ್ಟಿದೆಯೆಂಬುದು ಅದಕ್ಕೆ ಗೊತ್ತಿಲ್ಲ. ಕೊರತೆ ಬಿದ್ದ 3.4 ಕಿಲೋವ್ಯಾಟ್ ಗ್ರಿಡ್‌ನಿಂದ, ಪೂರ್ಣ ಬೆಲೆಗೆ, ಸದ್ದಿಲ್ಲದೆ ಬರುತ್ತದೆ. ಮೋಡ ಕವಿದರಂತೂ ಹೆಚ್ಚಿನ ಪಾಲು ಕೊಂಡ ವಿದ್ಯುತ್ತೇ. ಒಂದೇ ಗಂಟೆಯಲ್ಲಿ ಕಾರು ತುಂಬಿ, ಉಳಿದ ನಾಲ್ಕೈದು ಗಂಟೆಗಳ ಬಿಸಿಲು ಅಗ್ಗದ ದರಕ್ಕೆ ಹೊರಗೆ ಹರಿದುಹೋಗುವುದು ಈ ಏರ್ಪಾಟಿನ ಎರಡನೆಯ ನಷ್ಟ.

ಆದುದರಿಂದ ಮೊದಲು ಪ್ರಯತ್ನಿಸಬೇಕಾದದ್ದು, ಮನೆಯ ಸಾಮಾನ್ಯ 10 ಆಂಪಿಯರ್ ಪ್ಲಗ್ ಪಾಯಿಂಟಿಗೆ ಹಾಕಿ ಬಳಸುವ, ಸುಮಾರು 2.3 ಕಿಲೋವ್ಯಾಟ್ ಎಳೆಯುವ ಸಣ್ಣ ಚಾರ್ಜರನ್ನು. ದಿನದ 7 ಯೂನಿಟ್ ಇದರಲ್ಲಿ ಮೂರು ಗಂಟೆಗೆ ತುಂಬುತ್ತದೆ ಮತ್ತು ಚಾವಣಿಯಲ್ಲಿ ಮಿಕ್ಕ ವಿದ್ಯುತ್ತಿನೊಳಗೇ ಹೊಂದುತ್ತದೆ. ದೊಡ್ಡ ಚಾರ್ಜರನ್ನು ಆಗಲೇ ಹಾಕಿಸಿಕೊಂಡವರು, ಕಾರಿನ ಪರದೆಯಲ್ಲಿಯೋ ಆ್ಯಪಿನಲ್ಲಿಯೋ ಆಂಪಿಯರನ್ನು 12ರಿಂದ 16ರ ಆಸುಪಾಸಿಗೆ ಇಳಿಸಿಕೊಳ್ಳಬಹುದು. ಮೀಟರಿನ ಬಳಿಯ ಮುಖ್ಯ ತಂತಿಗೆ ತೊಡಿಸಿದ ಅಳತೆಯ ಬಳೆಯ ಮೂಲಕ ಹೊರಗೆ ಹೋಗುವ ವಿದ್ಯುತ್ತನ್ನು ಗಮನಿಸಿ, ಅಷ್ಟನ್ನೇ ಕಾರಿಗೆ ತಿರುಗಿಸುವ ‘ಸೋಲಾರ್ ಮೋಡ್’ ಚಾರ್ಜರುಗಳೂ ಸಿಗುತ್ತವೆ; ಆದರೆ ಚಾರ್ಜಿಂಗ್ ಮಾನದಂಡದ ಪ್ರಕಾರ ಆರು ಆಂಪಿಯರಿಗಿಂತ, ಅಂದರೆ ಸುಮಾರು 1.4 ಕಿಲೋವ್ಯಾಟಿಗಿಂತ, ಕೆಳಗೆ ಕಾರು ಚಾರ್ಜ್ ಆಗುವುದಿಲ್ಲ, ಮೂರು ಫೇಸಿನ ಚಾರ್ಜರಾದರೆ ಈ ಕೆಳಮಿತಿ 4 ಕಿಲೋವ್ಯಾಟನ್ನು ಮೀರುತ್ತದೆ. ಸಣ್ಣ ಚಾವಣಿಯವರಿಗೆ ಮಾರಾಟಗಾರರು ಮೂರು ಫೇಸನ್ನು ಹೊಗಳುವಾಗ ಈ ಸಂಖ್ಯೆಯನ್ನು ಕೇಳಿ ನೋಡಬೇಕು. ಕಾರಿನೊಳಗಿನ ವಿದ್ಯುನ್ಮಾನ ವ್ಯವಸ್ಥೆ ಚಾರ್ಜ್ ಆಗುವಷ್ಟು ಹೊತ್ತೂ ಎಚ್ಚರವಾಗಿದ್ದು ತನ್ನ ಪಾಲಿನ ವಿದ್ಯುತ್ತನ್ನು ತಿನ್ನುವುದರಿಂದ ತೀರ ನಿಧಾನವೂ ಲಾಭವಲ್ಲ. 8–10 ಆಂಪಿಯರಿನ ಕೆಳಗೆ ಇಳಿಯದಿರುವುದು ಮೇಲು.

ಪ್ಲಗ್ ಪಾಯಿಂಟ್ ಹಳೆಯದಾಗಿದ್ದರೆ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ನಿಂದ ಪ್ರತ್ಯೇಕ ಸರ್ಕ್ಯೂಟ್ ಹಾಕಿಸಿ, ವಿಕ್ಟೋರಿಯದಲ್ಲಾದರೆ ವಿದ್ಯುತ್ ಸುರಕ್ಷತಾ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಗಂಟೆಗಟ್ಟಲೆ ಪೂರ್ಣ ಹೊರೆ ಹೊರುವ ಕೆಲಸಕ್ಕೆ ಎಕ್ಸ್‌ಟೆನ್ಷನ್ ವೈರನ್ನು ಬಳಸಲೇಬಾರದು.

5. ಸಾಲಿನ ಕೊನೆಯ ಮನೆಗಳು

ಹೊಲಗಳ ನಡುವಿನ ಅನೇಕ ಮನೆಗಳಿಗೆ ವಿದ್ಯುತ್ ಬರುವುದು ಒಂಟಿ ತಂತಿಯ ಮಾರ್ಗದಲ್ಲಿ. ಮರಳುವ ದಾರಿಗೆ ಭೂಮಿಯನ್ನೇ ಬಳಸುವ ಈ ಮಾರ್ಗದ ಸಾಮರ್ಥ್ಯ ಕಡಿಮೆಯಾದ್ದರಿಂದ, ಪೇಟೆಯ ಮನೆಗಳಿಗೆ ಬಹಳ ಕಡೆ ಇರುವ ಗ್ರಿಡ್‌ಗೆ 5 ಕಿಲೋವ್ಯಾಟ್‌ವರೆಗೆ ಕೊಡುವ ಅವಕಾಶವೂ ಅಲ್ಲಿ ಸಿಗದಿರಬಹುದು, ದೊಡ್ಡ ಚಾರ್ಜರಿಗೆ ವಿತರಣಾ ಕಂಪನಿಯ ಒಪ್ಪಿಗೆಯೂ ಬೇಕಾಗಬಹುದು. ಎಲ್ಲರ ಚಾವಣಿಯೂ ಒಮ್ಮೆಗೇ ವಿದ್ಯುತ್ ಹೊರಸೂಸುವ ಮಧ್ಯಾಹ್ನ, ಸಾಲಿನ ಕೊನೆಯಲ್ಲಿ ವೋಲ್ಟೇಜ್ ಏರಿ 253 ವೋಲ್ಟನ್ನು ಮೀರಿದರೆ ಇನ್ವರ್ಟರುಗಳು ಉತ್ಪಾದನೆಯನ್ನು ತಗ್ಗಿಸತೊಡಗುತ್ತವೆ. ಅದೇ ಹೊತ್ತಿಗೆ ಕಾರು ಚಾರ್ಜಿಗಿದ್ದರೆ ವೋಲ್ಟೇಜ್ ಇಳಿದು, ವ್ಯರ್ಥವಾಗಬೇಕಿದ್ದ ಬಿಸಿಲೂ ಕೈಗೆ ಸಿಗುತ್ತದೆ.

6. ಹಗಲಲ್ಲಿ ಕಾರು ಮನೆಯಲ್ಲಿಲ್ಲದಿದ್ದರೆ

ದಿನದಿನವೂ ತುಂಬಿಸಬೇಕೆಂಬ ನಿಯಮವಿಲ್ಲದ ಕಾರಣ ಶನಿವಾರ, ಭಾನುವಾರಗಳ ಬಿಸಿಲು ವಾರದ ಬಹುಪಾಲು ಓಡಾಟಕ್ಕೆ ಸಾಕಾಗಬಹುದು; ಎರಡು ಕಾರುಗಳಿರುವ ಮನೆಯಲ್ಲಿ ಹಗಲು ಹೆಚ್ಚು ಹೊತ್ತು ಮನೆಯಲ್ಲಿರುವ ಕಾರನ್ನೇ ಮೊದಲು ವಿದ್ಯುತ್ತಿಗೆ ಬದಲಿಸುವುದು ವಿವೇಕ. ಉಳಿದದ್ದಕ್ಕೆ ಮಧ್ಯರಾತ್ರಿಯ ನಂತರ ದರ ಇಳಿಸುವ ಯೋಜನೆಗಳಿವೆ. ನಡುಹಗಲಿನ ಕೆಲವು ಗಂಟೆ ವಿದ್ಯುತ್ತನ್ನು ಉಚಿತವಾಗಿ ಕೊಡುವ ಯೋಜನೆಗಳೂ ಇವೆ. ಸ್ವಂತ ಚಾವಣಿಯಿಲ್ಲದ ಬಾಡಿಗೆದಾರರಿಗೆ, ಹಗಲಲ್ಲಿ ಕಾರು ಮನೆಯಲ್ಲಿರುವುದಾದರೆ, ಇದೇ ಅತ್ಯುತ್ತಮ ದಾರಿ. ಸಂಜೆಯ ದರ ಎಷ್ಟೆಂದು ನೋಡದೆ ಸಹಿ ಹಾಕಬಾರದು.

7. ಉಳಿದವು, ಸಂಕ್ಷೇಪವಾಗಿ

ಮನೆಗೊಂದು ಬ್ಯಾಟರಿ: 2025ರ ಜುಲೈನಿಂದ ಕೇಂದ್ರ ಸರ್ಕಾರದ ರಿಯಾಯಿತಿ ಇದೆಯಾದರೂ, ಕಾರಿಗೆ ತುಂಬಿಸುವ ಒಂದೇ ಉದ್ದೇಶಕ್ಕೆ ಅದನ್ನು ಕೊಳ್ಳುವುದು ಲೆಕ್ಕಕ್ಕೆ ಕೂಡುವುದು ಕಡಿಮೆ. ದೂರದ ಪ್ರಯಾಣ: ವೇಗದ ಚಾರ್ಜರ್ ಕೆಟ್ಟಿದ್ದರೆ ಮುಂದಿನದನ್ನು ತಲುಪುವಷ್ಟು ಮೀಸಲು ಇಟ್ಟುಕೊಂಡೇ ಹೊರಡಬೇಕು. ಕಾಳ್ಗಿಚ್ಚಿನ ಕಾಲ: ಗ್ರಿಡ್ ನಿಂತರೆ, ದುರಸ್ತಿಗೆ ಬಂದ ಲೈನ್‌ಮನ್‌ಗಳ ಸುರಕ್ಷತೆಗಾಗಿ ಸಾಮಾನ್ಯ ಇನ್ವರ್ಟರ್ ಕೂಡ ತಾನೇ ನಿಂತುಬಿಡುವುದರಿಂದ, ತಲೆಯ ಮೇಲೆ ಬಿಸಿಲು ಉರಿಯುತ್ತಿದ್ದರೂ ಕಾರು ಚಾರ್ಜ್ ಆಗುವುದಿಲ್ಲ. ಬೆಂಕಿಯ ಮುನ್ನೆಚ್ಚರಿಕೆ ಇರುವ ದಿನದ ಹಿಂದಿನ ಸಂಜೆಯೇ, ದರ ಎಷ್ಟಿದ್ದರೂ ಸರಿ, ಕಾರನ್ನು ತುಂಬಿಸಿಟ್ಟಿರಬೇಕು. ಈ ಲೇಖನದ ಲೆಕ್ಕಾಚಾರಗಳೆಲ್ಲ ಆ ಒಂದು ರಾತ್ರಿಗೆ ಅನ್ವಯಿಸುವುದಿಲ್ಲ.