ಬೇತ್ಲೆಹೇಮಿನ ಬಾವಿಯ ನೀರು

 

ಕಳೆದ ಎರಡು ವಾರಗಳಿಂದ ನಾವು ಕೃತಜ್ಞತೆಯ ಬಗ್ಗೆ ಧ್ಯಾನಿಸುತ್ತಾ ಬಂದಿದ್ದೇವೆ. ಮೊದಲು ದೇವರಿಗೆ, ಆಮೇಲೆ ತಂದೆತಾಯಿಗೆ. ಇವತ್ತು ಮನೆಯಿಂದ ಒಂದು ಹೆಜ್ಜೆ ಹೊರಗೆ ಇಡೋಣ. ಸೈನ್ಯದಲ್ಲಿರುವವರಿಗೆ, ಸೈನ್ಯದಿಂದ ನಿವೃತ್ತರಾಗಿ ಬಂದವರಿಗೆ ನಾವು ದಿನನಿತ್ಯದ ಬದುಕಿನಲ್ಲಿ ಹೇಗೆ ಕೃತಜ್ಞರಾಗಿರಬೇಕು? ಬೈಬಲ್ ತೆಗೆಯಿರಿ, 2 ಸಮುವೇಲ 23ನೇ ಅಧ್ಯಾಯ, 13ರಿಂದ 17. ಫೋನಿನಲ್ಲಿ ಓದುವವರು ವಾಟ್ಸಾಪ್ ಮುಚ್ಚಿ, ಪ್ಲೀಸ್.

ಸಂದರ್ಭ ಹೀಗಿದೆ. ಸುಗ್ಗಿಯ ಕಾಲ. ದಾವೀದ ಅದುಲ್ಲಾಮ್ ಗವಿಯಲ್ಲಿದ್ದಾನೆ. ಫಿಲಿಷ್ಟಿಯರ ದಂಡು ರೆಫಾಯೀಮ್ ತಗ್ಗಿನಲ್ಲಿ ಇಳಿದಿದೆ, ಅವರ ಕಾವಲು ಪಡೆ ಬೇತ್ಲೆಹೇಮಿನಲ್ಲೇ ಕೂತಿದೆ. ಅದು ದಾವೀದನ ಸ್ವಂತ ಊರು. ಬಿಸಿಲು, ಬಾಯಾರಿಕೆ, ಜೊತೆಗೆ ಊರಿನ ನೆನಪು. ಊರ ಬಾಗಿಲ ಹತ್ತಿರದ ಆ ಬಾವಿಯ ನೀರು ಯಾರಾದರೂ ತಂದುಕೊಟ್ಟರೆ ಎಷ್ಟು ಚೆನ್ನಾಗಿತ್ತು ಅಂತ ಆಸೆಪಟ್ಟ. ಗಮನಿಸಿ, ಅವನು ಆಜ್ಞೆ ಕೊಡಲಿಲ್ಲ. ಪಿಜಿಯಲ್ಲಿ ಕೂತು ನಾವು ಅಮ್ಮನ ಕೈಯ ಮುದ್ದೆ-ಸಾರು ನೆನೆಸಿಕೊಳ್ಳುತ್ತೇವಲ್ಲ, ಹಾಗೆ ಬಾಯಿಬಿಟ್ಟು ಅಂದ, ಅಷ್ಟೇ.

ಮೂರು ಜನ ಅದನ್ನ ಕೇಳಿಸಿಕೊಂಡರು. ಸುಮ್ಮನೆ ಎದ್ದು ಹೋದರು. ಗವಿಯಿಂದ ಬೇತ್ಲೆಹೇಮಿಗೆ ಸುಮಾರು 20 ಕಿಲೋಮೀಟರ್, ಅದೂ ಶತ್ರುಗಳ ದಂಡಿನ ನಡುವೆ ನುಗ್ಗಿ. ನೀರು ಸೇದಿದರು, ತಂದರು, ದಾವೀದನ ಕೈಗೆ ಕೊಟ್ಟರು.

ದಾವೀದ ಕುಡಿಯಲಿಲ್ಲ. ಕರ್ತನ ಮುಂದೆ ಹೊಯ್ದುಬಿಟ್ಟ. ಇದು ನೀರಲ್ಲ, ಪ್ರಾಣದ ಹಂಗು ತೊರೆದು ಹೋದವರ ರಕ್ತ, ಇದನ್ನು ನಾನು ಹೇಗೆ ಕುಡಿಯಲಿ ಅನ್ನೋದು ಅವನ ಮಾತಿನ ಸಾರ. ಚಿಕ್ಕವನಿದ್ದಾಗ ಸಂಡೇ ಸ್ಕೂಲಿನಲ್ಲಿ ಇದನ್ನು ಕೇಳಿ ನನಗೆ ಸಿಟ್ಟು ಬರುತ್ತಿತ್ತು. ಪಾಪ, ಅಷ್ಟು ಕಷ್ಟಪಟ್ಟು ತಂದದ್ದನ್ನು ಚೆಲ್ಲೋದಾ? ಬೈಬಲ್ ಕಾಲೇಜಿನಲ್ಲಿ ಪಾನದ್ರವ್ಯದ ಅರ್ಪಣೆಯ ಬಗ್ಗೆ ಓದಿದ ಮೇಲೆ ಅರ್ಥವಾಯಿತು. ಅವನು ಅದನ್ನು ಚೆಲ್ಲಿದ್ದಲ್ಲ, ದೇವರಿಗೆ ಅರ್ಪಿಸಿದ್ದು. ಅದು ಅಷ್ಟು ಬೆಲೆಯುಳ್ಳದ್ದು, ದೇವರಿಗೇ ಸಲ್ಲಬೇಕು ಅಂತ. ಕೈಯಲ್ಲಿರುವ ವಸ್ತುವಿನ ಹಿಂದೆ ಯಾರ ಪ್ರಾಣ ಇದೆ ಅಂತ ನೋಡುವುದು, ಇದೇ ಕೃತಜ್ಞತೆಯ ಆರಂಭ.

ಈಗ ಅದೇ ಅಧ್ಯಾಯದ ಕೊನೆಗೆ ಬನ್ನಿ, 39ನೇ ವಚನ. ದಾವೀದನ ಶೂರರ ಹೆಸರಿನ ಪಟ್ಟಿ ಇದೆ. ಪಟ್ಟಿಯ ಕೊನೆಯ ಹೆಸರು ಯಾವುದು? ಜೋರಾಗಿ ಹೇಳಿ. ಹಿತ್ತಿಯನಾದ ಊರೀಯ! ಬತ್ಷೆಬೆಯ ಗಂಡ. 2 ಸಮುವೇಲ 11 ನಿಮಗೆಲ್ಲ ಗೊತ್ತು. ರಾಜರು ಯುದ್ಧಕ್ಕೆ ಹೋಗುವ ಕಾಲದಲ್ಲಿ ದಾವೀದ ಯೆರೂಸಲೇಮಿನಲ್ಲೇ ಉಳಿದ. ಸಂಜೆ ಹೊತ್ತು ಮಾಳಿಗೆ ಮೇಲೆ ಓಡಾಡುತ್ತಿದ್ದ. ಊರೀಯನಾದರೋ, ನನ್ನ ಜೊತೆಯವರು ಬಯಲಿನಲ್ಲಿ ಮಲಗಿರುವಾಗ ನಾನು ಮನೆಗೆ ಹೋಗಲಾರೆ ಅಂತ ಅರಮನೆಯ ಬಾಗಿಲಲ್ಲೇ ಮಲಗಿದ. ಅಂಥವನ ಕೈಯಲ್ಲೇ ಅವನ ಮರಣದ ಪತ್ರ ಕೊಟ್ಟು ಕಳಿಸಿದ್ದು ಯಾರು? ಒಂದು ತಂಬಿಗೆ ನೀರಿನಲ್ಲಿ ಸೈನಿಕರ ರಕ್ತ ಕಂಡ ಅದೇ ದಾವೀದ.

ಏನು ಬದಲಾಯಿತು? ಗವಿಯಲ್ಲಿದ್ದಾಗ ಸೈನಿಕರು ಅವನ ಪಕ್ಕದಲ್ಲಿದ್ದರು. ಮಾಳಿಗೆ ಮೇಲಿದ್ದಾಗ ಅವರು ದೂರದಲ್ಲೆಲ್ಲೋ ಇದ್ದರು, ಸುದ್ದಿಯಲ್ಲಿ ಬರುವ ಹೆಸರುಗಳಾಗಿದ್ದರು. ತಮ್ಮಂದಿರೇ, ತಂಗಿಯರೇ, ನಾವು ಬೆಂಗಳೂರಿನವರು ಇವತ್ತು ಎಲ್ಲಿದ್ದೇವೆ ಹೇಳಿ? ಮಾಳಿಗೆ ಮೇಲೆ. ಏಳನೇ ಮಹಡಿ, ಹನ್ನೊಂದನೇ ಮಹಡಿ. ಜನವರಿ 26ಕ್ಕೆ ಸ್ಟೇಟಸ್ ಹಾಕುತ್ತೇವೆ, ಆಗಸ್ಟ್ 15ಕ್ಕೆ ಇನ್ನೊಂದು. ಅದು ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಅದಕ್ಕೆ ಖರ್ಚಾಗುವುದು ಐದು ಸೆಕೆಂಡು.

ನಮ್ಮ ನಾಡಿನವರದ್ದೇ ಒಂದು ನೆನಪು ಮಾಡಿಕೊಳ್ಳಿ. 2016ರ ಫೆಬ್ರವರಿ 3, ಸಿಯಾಚಿನ್. ಸುಮಾರು 19,600 ಅಡಿ ಎತ್ತರದ ಸೋನಮ್ ಪೋಸ್ಟಿನಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹಿಮದಡಿ ಸಿಕ್ಕಿಕೊಂಡರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಜೀವಂತವಾಗಿ ಸಿಕ್ಕರು. ಇಡೀ ದೇಶ ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ಅವರ ಹೆಸರು ಎಲ್ಲರ ಬಾಯಲ್ಲಿತ್ತು. ಆದರೆ ಸಿಯಾಚಿನ್‌ನಲ್ಲಿ ಇವತ್ತು ರಾತ್ರಿಯೂ ಒಬ್ಬ ಹುಡುಗ ಕಾವಲು ನಿಂತಿದ್ದಾನೆ. ಅವನು ಸುದ್ದಿಯಲ್ಲಿಲ್ಲ.

ಇನ್ನು ಸೇವೆ ಮುಗಿಸಿದವರು. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಸೈನಿಕ ಅಂದರೆ 60 ವರ್ಷಕ್ಕೆ ನಿವೃತ್ತಿ ಅಲ್ಲ. ಸಿಪಾಯಿಗೆ ಪೆನ್ಷನ್ ಬರಲು 15 ವರ್ಷದ ಸೇವೆ ಬೇಕು. ಹದಿನೆಂಟು ಇಪ್ಪತ್ತಕ್ಕೆ ಸೇರಿದವರಲ್ಲಿ ಬಹಳ ಜನ ನಲವತ್ತರ ಆಸುಪಾಸಿನಲ್ಲಿ ಹೊರಗೆ ಬರುತ್ತಾರೆ. ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿ ಇರುತ್ತವೆ, ಮನೆ ಸಾಲ ಇರುತ್ತದೆ. ಹಾಗಾಗಿ ಎರಡನೇ ಕೆಲಸ ಹುಡುಕಲೇಬೇಕು. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರನ್ನ, ನಿಮ್ಮ ಟೆಕ್ ಪಾರ್ಕಿನಲ್ಲಿ ಬ್ಯಾಗ್ ತಪಾಸಣೆ ಮಾಡುವವರನ್ನ ಒಮ್ಮೆ ವಿಚಾರಿಸಿ ನೋಡಿ.

ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಸೂಪರ್‌ವೈಸರ್ ಒಬ್ಬರಿದ್ದಾರೆ. ಗದಗದ ಕಡೆಯವರು, ಹವಾಲ್ದಾರ್ ಆಗಿ ರಿಟೈರ್ ಆದವರು. ಒಂದು ರಾತ್ರಿ ಪ್ರಾರ್ಥನಾ ಕೂಟ ಮುಗಿಸಿ ಬಂದು ಅವರ ಜೊತೆ ಚಹಾ ಕುಡೀತಾ ನಿಂತೆ. "ಅಣ್ಣ, ಯಾವ ಯೂನಿಟ್ ನಿಮ್ಮದು?" ಅಂದೆ. ಅಷ್ಟೇ ಕೇಳಿದ್ದು. ಅವರ ನಿಲುವೇ ಬದಲಾಯಿತು. ಇಲ್ಲೇ ಹಲಸೂರು ಕೆರೆ ಹತ್ತಿರದ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ ಟ್ರೇನಿಂಗ್ ಮಾಡಿದವರು. ಸೇತುವೆ ಕಟ್ಟಿದ್ದು, ನೆಲಬಾಂಬ್ ತೆಗೆದದ್ದು ಎಲ್ಲ ಹೇಳಿದರು. ಕೊನೆಗೆ, "ದೊಡ್ಡ ಮಗಳ ಮುಖ ನೋಡಿದಾಗ ಆಕಿಗೆ ಎಂಟು ತಿಂಗಳು ಆಗಿತ್ರಿ. ನನ್ನ ನೋಡಿ ಅಂಜಿ ಅತ್ತಳು," ಅಂದರು. ಆಮೇಲೆ ಒಂದು ಕಾರು ಹಾರ್ನ್ ಹೊಡೆಯಿತು, ಗೇಟ್ ತೆಗೆಯೋಕೆ ಓಡಿದರು. ನಾವು ಹಾರ್ನ್ ಹೊಡೆಯುವ ಗೇಟು ಅದೇ.

ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದೆ, ಯೂತ್ ಮೀಟಿಂಗಿನಲ್ಲೂ ಬಂತು. "ಪಾಸ್ಟರ್, ಶತ್ರುವನ್ನೂ ಪ್ರೀತಿಸು ಅಂದ ಯೇಸುವಿನ ಶಿಷ್ಯರು ನಾವು. ಸಭೆಯಲ್ಲಿ ಸೈನ್ಯದ ಮಾತು ಯಾಕೆ?" ಒಳ್ಳೆಯ ಪ್ರಶ್ನೆ. ಒಬ್ಬ ಮನುಷ್ಯನಿಗೆ ಥ್ಯಾಂಕ್ಸ್ ಹೇಳುವುದು ಯುದ್ಧವನ್ನು ಹೊಗಳುವುದಲ್ಲ. ಗಡಿಯ ಆಚೆ ನಿಂತವನಿಗೂ ತಾಯಿ ಇದ್ದಾಳೆ, ಅವನಿಗಾಗಿಯೂ ಪ್ರಾರ್ಥಿಸುವ ಹಂಗು ನಮಗಿದೆ. ಆದರೆ ಲೂಕ 3:14 ನೋಡಿ. ಸೈನಿಕರು ಬಂದು ಯೋಹಾನನನ್ನು ಕೇಳಿದಾಗ ಕೆಲಸ ಬಿಡಿ ಅನ್ನಲಿಲ್ಲ, ಯಾರನ್ನೂ ಸುಲಿಗೆ ಮಾಡದೆ ಸಂಬಳದಲ್ಲಿ ತೃಪ್ತರಾಗಿರಿ ಅಂದ. ಇನ್ನು ಪವಿತ್ರಾತ್ಮನ ಸುರಿಸುವಿಕೆ ಬಗ್ಗೆ ನಾವು ಪೆಂತೆಕೊಸ್ತಿನವರು ಎಷ್ಟು ಮಾತಾಡುತ್ತೇವೆ! ಅಪೊಸ್ತಲರ ಕೃತ್ಯಗಳು 10ರಲ್ಲಿ ಅನ್ಯಜನರ ಮೇಲೆ ಆತ್ಮ ಇಳಿದದ್ದು ಯಾರ ಮನೆಯಲ್ಲಿ? ಒಬ್ಬ ಶತಾಧಿಪತಿಯ ಮನೆಯಲ್ಲಿ. ಹಲ್ಲೆಲೂಯ!

ಹಾಗಾದರೆ ಏನು ಮಾಡೋಣ? 1 ಸಮುವೇಲ 17ರಲ್ಲಿ ಗೊಲ್ಯಾತನಿಗಿಂತ ಮುಂಚೆ ಒಂದು ಸಣ್ಣ ವಿಷಯ ಇದೆ, ನಾವು ಹಾರಿಸಿ ಓದುತ್ತೇವೆ. ಇಷಯ ತನ್ನ ಮಗ ದಾವೀದನ ಕೈಯಲ್ಲಿ ಹುರಿದ ಕಾಳು, ಹತ್ತು ರೊಟ್ಟಿ, ಅಧಿಪತಿಗೆ ಹತ್ತು ಗಿಣ್ಣಿನ ಉಂಡೆ ಕೊಟ್ಟು ದಂಡಿಗೆ ಕಳಿಸುತ್ತಾನೆ. ಅಣ್ಣಂದಿರು ಹೇಗಿದ್ದಾರೆ ವಿಚಾರಿಸಿಕೊಂಡು ಬಾ ಅಂತ. ಊಟ ಮತ್ತು ಕ್ಷೇಮ ಸಮಾಚಾರ. ಎಂಥ ಸರಳ ಸೇವೆ!

ಮೊದಲು ಹೆಸರು ಕೇಳಿ, ಊರು ಕೇಳಿ, ಯೂನಿಟ್ ಕೇಳಿ. "ಎಷ್ಟು ಜನರನ್ನ ಹೊಡೆದಿರಿ" ಅಂತ ದಯವಿಟ್ಟು ಕೇಳಬೇಡಿ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ಸುಮ್ಮನಿದ್ದರೆ ನೀವೂ ಸುಮ್ಮನಿರಿ. ರೈಲಿನಲ್ಲಿ ಕಪ್ಪು ಟ್ರಂಕು ಇಟ್ಟುಕೊಂಡು ಬಾಗಿಲ ಹತ್ತಿರ ಕೂತ ಹುಡುಗ ಕಂಡರೆ, ಸ್ವಲ್ಪ ಸರಿದು ಜಾಗ ಕೊಡಿ. ಸೆಲ್ಫಿ ಬೇಡ.

ನಿಮ್ಮ ಕೈಯಲ್ಲೇ ಇರುವ ಇನ್ನೊಂದು ದೊಡ್ಡ ಸಹಾಯ ಇದೆ. ಈಗ ಮಿಲಿಟರಿ ಪೆನ್ಷನ್ ಹೆಚ್ಚಾಗಿ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಬರುತ್ತದೆ. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು, ಕೊಡದಿದ್ದರೆ ಪೆನ್ಷನ್ ನಿಲ್ಲುತ್ತದೆ. ವಯಸ್ಸಾದ ಸುಬೇದಾರರಿಗೆ, ಗಂಡನನ್ನು ಕಳಕೊಂಡ ಅಜ್ಜಿಯರಿಗೆ ಪಾಸ್‌ವರ್ಡ್, ಓಟಿಪಿ ಅಂದರೆ ತಲೆನೋವು. ಬೆರಳಚ್ಚು ಸವೆದುಹೋಗಿರುತ್ತದೆ. ಫೋನಿನ ಕ್ಯಾಮೆರಾದಲ್ಲಿ ಮುಖ ತೋರಿಸಿಯೂ ಜೀವನ್ ಪ್ರಮಾಣ್ ಮಾಡಬಹುದು. ದಿನಕ್ಕೆ ಹತ್ತು ಗಂಟೆ ಸ್ಕ್ರೀನ್ ಮುಂದೆ ಕೂರುವವರು ನಾವು, ಒಂದು ಶನಿವಾರ ಅವರ ಪಕ್ಕದಲ್ಲಿ ಕೂರೋಣ. ಅವರ ಮನೆಯವರು ಎದುರಿಗಿರಲಿ, ಪಾಸ್‌ವರ್ಡ್ ಅವರ ಪುಸ್ತಕದಲ್ಲೇ ಇರಲಿ, ನಿಮ್ಮ ಫೋನಿನಲ್ಲಿ ಬೇಡ.

ಎಚ್‌ಆರ್‌ನಲ್ಲಿ ಇರುವವರಿಗೆ ಒಂದು ಮಾತು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ಮೇಲೆ ಶೇ 25ರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಉಳಿದವರು ಒಟ್ಟು ಮೊತ್ತ ತೆಗೆದುಕೊಂಡು, ಪೆನ್ಷನ್ ಇಲ್ಲದೆ, ನಿಮ್ಮ ವಯಸ್ಸಿನಲ್ಲೇ ಕೆಲಸ ಹುಡುಕುತ್ತಾರೆ. ಅಂಥ ರೆಸ್ಯೂಮೆ ಬಂದರೆ ಎರಡು ಸಾರಿ ಓದಿ.

ಇನ್ನೊಂದು ವಿಷಯ. ಇವರಲ್ಲಿ ಹೆಚ್ಚಿನವರು ನಮ್ಮ ವಿಶ್ವಾಸದವರಲ್ಲ. ಚಹಾ ಕೊಡುವ ಕೈಯಲ್ಲೇ ಕರಪತ್ರ ಹಿಡಿದುಕೊಂಡು ಹೋಗಬೇಡಿ. ಕೃತಜ್ಞತೆಯನ್ನು ಗಾಳ ಮಾಡಬಾರದು. ದಾವೀದ ಆ ಮೂವರಿಂದ ಏನೂ ವಾಪಸ್ ಕೇಳಲಿಲ್ಲ.

ನಮ್ಮ ಸಭೆಯಲ್ಲೂ ಗಂಡ ಪೋಸ್ಟಿಂಗಿನಲ್ಲಿದ್ದು ಒಬ್ಬರೇ ಮಕ್ಕಳನ್ನು ನೋಡಿಕೊಳ್ಳುವ ಅಕ್ಕಂದಿರು ಇದ್ದಾರೆ. ಗ್ಯಾಸ್ ಸಿಲಿಂಡರ್, ಶಾಲೆಯ ಮೀಟಿಂಗ್, ರಾತ್ರಿ ಜ್ವರ ಬಂದರೆ ಆಸ್ಪತ್ರೆ, ಎಲ್ಲ ಅವರೇ. ಸೆಲ್ ಗ್ರೂಪ್ ಲೀಡರ್‌ಗಳೇ, ಈ ವಾರ ಅವರಿಗೆ ಫೋನ್ ಮಾಡಿ, ಏನು ಬೇಕು ಅಂತ ಕೇಳಿ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ಆಚರಿಸುತ್ತಾರೆ. ಅವತ್ತು ಸಂಗ್ರಹವಾಗುವ ಹಣ ಮಾಜಿ ಸೈನಿಕರ, ಗಾಯಗೊಂಡವರ, ಹುತಾತ್ಮರ ಕುಟುಂಬಗಳ ಕ್ಷೇಮಕ್ಕೆ ಹೋಗುತ್ತದೆ. ಯೂತ್ ವಿಭಾಗದಿಂದ ಕಾಣಿಕೆ ಕೂಡಿಸಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕೊಡೋಣ. ಹಿಂದಿನ ಸಾಲಿನಲ್ಲಿರುವ ತಮ್ಮ ಲೆಕ್ಕ ಬರೆದುಕೊಳ್ಳುತ್ತಾನೆ.

ಈಗ ಎದ್ದು ನಿಲ್ಲೋಣ. ನಿಮಗೆ ಗೊತ್ತಿರುವ ಒಬ್ಬ ಸೈನಿಕನ, ಒಬ್ಬ ಮಾಜಿ ಸೈನಿಕನ ಹೆಸರು ಹೇಳಿ ಕರ್ತನ ಮುಂದೆ ಜೋರಾಗಿ ಪ್ರಾರ್ಥಿಸಿ. ಹೆಸರು ಗೊತ್ತಿಲ್ಲದವರು, ಆ ಗೇಟನ್ನು ನೆನೆಸಿಕೊಂಡು ಪ್ರಾರ್ಥಿಸಿ.