ಟೌನ್ ಸೆಂಟರ್ ಸುಮ್ಮನಿರಬಾರದು, ಪುಟ್ಟೀ

ಮಧುಗಿರಿ

ಪ್ರೀತಿಯ ಪುಟ್ಟೀ,

ಹಾಸ್ಟೆಲ್ ಊಟ ಒಗ್ಗಿತು ಅಂತ ನಿಮ್ಮಮ್ಮ ಹೇಳಿದಳು, ಸಮಾಧಾನವಾಯಿತು. ಮೊನ್ನೆ ಫೋನಿನಲ್ಲಿ ನೀನು 'ಏಜ್ ಆಫ್ ಎಂಪೈರ್ಸ್ 2' ಶುರು ಮಾಡಿದ್ದೀನಿ ಅಂದಾಗ ನನಗಾದ ಸಂತೋಷ ನಿನಗೆ ಗೊತ್ತಾಗಿರಲಿಕ್ಕಿಲ್ಲ. 1999ರಲ್ಲಿ ಬಂದ ಆಟ ಅದು. ತುಮಕೂರಿನ ಸೈಬರ್ ಸೆಂಟರುಗಳಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಆಡಿದ ಹುಡುಗರಲ್ಲಿ ನಾನೂ ಒಬ್ಬ. 2019ರಲ್ಲಿ ಅದಕ್ಕೆ ಹೊಸ ರೂಪ ಬಂದಮೇಲೆ ಮತ್ತೆ ಹಿಡಿದವನು ಇನ್ನೂ ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಇನ್ನೊಬ್ಬರು ಆಡುವವರು ಸಿಕ್ಕಿದರಲ್ಲ ಅಂತ ಅವತ್ತೆಲ್ಲ ಅದೇ ಯೋಚನೆ.

"ಎಷ್ಟು ಸೈನಿಕರನ್ನ ಮಾಡಿದ್ರೂ ಸಾಕಾಗಲ್ಲ ಮಾವ, ಕಂಪ್ಯೂಟರ್ ನನಗಿಂತ ಮುಂಚೆ ಬಂದ್ಬಿಡುತ್ತೆ" ಅಂದೆಯಲ್ಲ, ನಿನ್ನ ತೊಂದರೆಯ ಬೇರು ಅಲ್ಲೇ ಇದೆ. ಫೋನಿನಲ್ಲಿ ಹೇಳಿದ್ದು ಉಳಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಪಕ್ಕದಲ್ಲಿ ಇಟ್ಟುಕೊಂಡು ಓದು.

ಆಟ ತೆರೆದುಕೊಂಡಾಗ ನಿನ್ನ ಹತ್ತಿರ ಏನಿರುತ್ತದೆ ನೋಡು. ಊರಿನ ಮುಖ್ಯ ಕಟ್ಟಡವಾದ ಒಂದು ಟೌನ್ ಸೆಂಟರ್, ದುಡಿಯುವ ಮೂವರು ವಿಲೇಜರ್, ಕುದುರೆ ಮೇಲೆ ಸುತ್ತಿ ನೋಡುವ ಒಬ್ಬ ಸ್ಕೌಟ್, 200 ಆಹಾರ, 200 ಮರ, 100 ಚಿನ್ನ, 200 ಕಲ್ಲು. ಒಬ್ಬ ವಿಲೇಜರ್‌ಗೆ 50 ಆಹಾರ ಬೇಕು, ಅವನು ಹೊರಗೆ ಬರಲು 25 ಸೆಕೆಂಡು. ಅಂದರೆ ನಿನ್ನ ಕೈಯಲ್ಲಿರುವ ಆಹಾರ ಸರಿಯಾಗಿ ನಾಲ್ಕು ಜನಕ್ಕೆ. ಬೇರೆ ಏನನ್ನೂ ನೋಡದೆ ಮೊದಲು ಆ ನಾಲ್ಕನ್ನೂ ಸಾಲಿಗೆ ಹಾಕಿಬಿಡು. ಟೌನ್ ಸೆಂಟರಿನಲ್ಲಿ ಐದು ಜನಕ್ಕೆ ಮಾತ್ರ ಜಾಗ, ಸ್ಕೌಟ್ ಸೇರಿ ಆಗಲೇ ನಾಲ್ವರಿದ್ದಾರೆ. ಹಾಗಾಗಿ ತಕ್ಷಣ ಇಬ್ಬರನ್ನು ಮನೆ ಕಟ್ಟಲು ಕಳಿಸು. ಮನೆಗೆ 25 ಮರ ಸಾಕು, ಇನ್ನೈದು ಜನಕ್ಕೆ ಜಾಗವಾಗುತ್ತದೆ. ಹೊಸಬರು ಬಹಳ ಜನ ಸೋಲುವುದು ಈ ಮನೆಯ ವಿಷಯದಲ್ಲೇ. ಜಾಗವಿಲ್ಲದೆ ಟೌನ್ ಸೆಂಟರ್ ನಿಂತುಬಿಡುತ್ತದೆ, ಇವರು ಎಲ್ಲೋ ಸ್ಕೌಟ್ ಹಿಂದೆ ಓಡುತ್ತಿರುತ್ತಾರೆ. ಎರಡು ನಿಮಿಷ ಅದು ಸುಮ್ಮನೆ ನಿಂತರೆ ಹೆಚ್ಚುಕಡಿಮೆ ಐದು ಜನ ದುಡಿಯುವವರು ಹುಟ್ಟಲೇ ಇಲ್ಲ ಅಂತ ಲೆಕ್ಕ. ಆ ಐವರು ಕಡಿಯಬೇಕಾಗಿದ್ದ ಮರ, ಆ ಮರದಿಂದ ಆಗಬೇಕಾಗಿದ್ದ ಹೊಲ, ಆ ಹೊಲದಿಂದ ಬರಬೇಕಾಗಿದ್ದ ಕುದುರೆ ಸವಾರರು, ಎಲ್ಲವೂ ಹೋಯಿತು. ಕಂಪ್ಯೂಟರ್ ನಿನಗಿಂತ ಮುಂಚೆ ಬರುವುದಕ್ಕೆ ಇದೇ ಕಾರಣ. ನೀನು ಸೋತದ್ದು ಯುದ್ಧದಲ್ಲಲ್ಲ, ಮೂರನೆಯ ನಿಮಿಷದಲ್ಲೇ.

ಸ್ಕೌಟ್‌ನನ್ನು ಊರ ಸುತ್ತ ಸುತ್ತಿಸು, ಕುರಿಗಳು ಸಿಗುತ್ತವೆ. ಅವನ್ನು ಟೌನ್ ಸೆಂಟರ್ ಬಾಗಿಲಿಗೇ ತಂದು ಒಂದೊಂದಾಗಿ ಕಡಿಸು. ಒಂದು ಕುರಿಯಲ್ಲಿ 100 ಆಹಾರ. ಕಡಿದಿಟ್ಟ ಮಾಂಸ ಈ ಆಟದಲ್ಲೂ ಕೊಳೆಯುತ್ತದೆ, ಒಟ್ಟಿಗೆ ನಾಲ್ಕು ಕಡಿದರೆ ಒಂದಷ್ಟು ಮಣ್ಣುಪಾಲು. ಮೊದಲ ಆರು ಜನ ಕುರಿಗೆ, ಆಮೇಲೆ ಬಂದ ನಾಲ್ವರು ಮರಕ್ಕೆ, ನಂತರದವರು ಹಣ್ಣಿನ ಪೊದೆಗೆ. ಲಂಬರ್ ಕ್ಯಾಂಪನ್ನು ಕಾಡಿಗೆ ಅಂಟಿಸಿದ ಹಾಗೆ ಕಟ್ಟು, ಮಿಲ್ಲನ್ನು ಪೊದೆಯ ಪಕ್ಕಕ್ಕೇ ಕಟ್ಟು. ನಡೆಯುವ ಹೊತ್ತು ದುಡಿಯದ ಹೊತ್ತು. ಕಾಡುಹಂದಿಯಲ್ಲಿ 340 ಆಹಾರ ಇದೆ, ಆದರೆ ಅದು ತಿರುಗಿ ಬೀಳುತ್ತದೆ. ಅದನ್ನು ಎಳೆದು ತರುವ ವಿದ್ಯೆ ಎರಡನೆಯ ತಿಂಗಳಿಗೆ ಇರಲಿ, ಅವಸರವಿಲ್ಲ.

ಮುಂದಿನ ಯುಗವಾದ ಫ್ಯೂಡಲ್ ಏಜ್‌ಗೆ ಹೋಗಲು 500 ಆಹಾರ, ಅದರ ಮುಂದಿನ ಕ್ಯಾಸಲ್ ಏಜ್‌ಗೆ 800 ಆಹಾರ ಮತ್ತು 200 ಚಿನ್ನ. ಫ್ಯೂಡಲ್‌ಗೆ ಹೋಗುವ 130 ಸೆಕೆಂಡು ಟೌನ್ ಸೆಂಟರಿನಿಂದ ಯಾರೂ ಹುಟ್ಟುವುದಿಲ್ಲ. ಹಾಗಾಗಿ ನಿನ್ನಂಥ ಹೊಸಬರು ಇಪ್ಪತ್ತೈದರ ಆಸುಪಾಸು ವಿಲೇಜರ್‌ಗಳಾದ ಮೇಲೆ ಆ ಗುಂಡಿ ಒತ್ತುವುದು ಒಳ್ಳೆಯದು. ಪರದೆಯ ಮೇಲಿನ ಮೂಲೆಯಲ್ಲಿ 1000 ಮರ ಕೂಡಿಟ್ಟಿದ್ದೀನಿ ಅಂತ ಹಿಗ್ಗಬೇಡ. ಅದು ಖರ್ಚಾಗದೆ ಬಿದ್ದಿರುವ ಮರ, ಒಂದು ಹೊಲಕ್ಕೆ 60 ಬೇಕು, ಹಾಕು. ಈ ಆಟದಲ್ಲಿ ಉಳಿತಾಯ ಗುಣವಲ್ಲ.

ಪುಟ್ಟೀ, ಸೈನ್ಯ, ಗೋಡೆಗಿಂತ ಮೊದಲು ಊರಿನ ದುಡಿಮೆ ಅನ್ನುವುದನ್ನು ನಂಬುವುದು ನಿನಗೆ ಕಷ್ಟವಾದರೆ ನಮ್ಮ ಮಧುಗಿರಿ ಬೆಟ್ಟದ ಕೋಟೆಯನ್ನು ನೆನಪಿಸಿಕೋ. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಒಂದೇ ಬಂಡೆ, ಅದರ ಮೈಮೇಲೆ ಒಂದರ ಹಿಂದೊಂದು ಬಾಗಿಲು, ಕೈ ಊರಿ ಹತ್ತಬೇಕಾದ ಜಾರು. ಅಷ್ಟು ಕಡಿದಾದ ಕಲ್ಲೇ ಶತ್ರುವನ್ನು ತಡೆಯುತ್ತದೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಅಲ್ಲಿ ನೀರು ನಿಲ್ಲುವ ದೊಣೆಗಳಿವೆ, ಮೇಲೆ ಕಣಜಗಳಿವೆ. ರಾಗಿ, ನೀರು ಇಲ್ಲದಿದ್ದರೆ ಆ ಗೋಡೆಗಳಿಗೆ ಏನು ಬೆಲೆ? ಕಟ್ಟಿಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದೇ ಹೊತ್ತಿಗೆ ಇನ್ನೊಂದನ್ನೂ ಈ ಬೆಟ್ಟವೇ ಹೇಳುತ್ತದೆ. 1678ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಇದು ಪಾಳೇಗಾರರ ಕೈಯಿಂದ ಮೈಸೂರಿಗೆ ಹೋಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ, ಅಲ್ಲಿನ ರಾಣಿ ವೀರಮ್ಮಾಜಿಯನ್ನು ಸೆರೆಯಿಡಲು ಇಲ್ಲಿಗೇ ಕಳಿಸಿದ. ನಾಲ್ಕೇ ವರ್ಷ. 1767ರಲ್ಲಿ ಪೇಶ್ವೆ ಮಾಧವರಾವ್ ಕೋಟೆ ಹಿಡಿದು ರಾಣಿಯನ್ನು ಬಿಡಿಸಿದ. ಹಾಗಾಗಿ ಗೋಡೆ ಕಟ್ಟಿ ನಿಶ್ಚಿಂತೆಯಾಗಿ ಕೂರಬೇಡ. ಗೋಡೆ ನಿನಗೆ ಕೊಡುವುದು ಸಮಯ ಮಾತ್ರ, ಆ ಸಮಯದಲ್ಲಿ ಒಳಗೆ ಏನು ಬೆಳೆಸಿದೆ ಅನ್ನುವುದೇ ಮುಖ್ಯ. ಕಲಿಯುವವರೆಗೆ 'ಅರೇನಾ' ಅನ್ನುವ ನಕ್ಷೆಯಲ್ಲಿ ಆಡು. ಅಲ್ಲಿ ಎಲ್ಲರ ಊರಿಗೂ ಶುರುವಿನಿಂದಲೇ ಕಲ್ಲಿನ ಗೋಡೆ ಇರುತ್ತದೆ. ನಿನಗೆ ಊರು ಕಟ್ಟಿ ಅಭ್ಯಾಸವಾಗುತ್ತದೆ. 'ಅರೇಬಿಯಾ' ಬಟ್ಟ ಬಯಲು, ಅದಕ್ಕೆ ಆಮೇಲೆ ಹೋಗು.

ನಾನೂ ನಿಮ್ಮಮ್ಮನೂ ಚಿಕ್ಕಂದಿನಲ್ಲಿ ಕಲ್ಲಿನ ಮೇಲೆ ಗೀಚಿ ಆಡುಹುಲಿ ಆಡುತ್ತಿದ್ದೆವು. ಅವಳು ಕಾಯಿ ನಡೆಸುವವರೆಗೆ ನಾನು ಕಾಯಬೇಕಿತ್ತು, ಆ ಹೊತ್ತಿನಲ್ಲಿ ಮುಂದಿನ ಹತ್ತು ನಡೆ ಯೋಚಿಸಬಹುದಿತ್ತು. ಇಲ್ಲಿ ಸರದಿಯೇ ಇಲ್ಲ. ನೀನು ಯೋಚಿಸುವಾಗಲೂ ಎದುರಾಳಿಯ ಊರಿನಲ್ಲಿ ಮರ ಕಡಿಯುತ್ತಿರುತ್ತಾರೆ. ಹಾಗಾಗಿ ಆಹಾರ, ಮರ, ಚಿನ್ನ, ಕಲ್ಲು ನಾಲ್ಕಕ್ಕಿಂತ ದುಬಾರಿಯಾದ ಐದನೆಯದು ನಿನ್ನ ಗಮನ. ಅದನ್ನು ಉಳಿಸಲು ಕೀಬೋರ್ಡ್ ಕಲಿ. ಎಚ್ ಒತ್ತಿದರೆ ಎಲ್ಲಿದ್ದರೂ ಟೌನ್ ಸೆಂಟರ್ ಕೈಗೆ ಬರುತ್ತದೆ. ಪೂರ್ಣವಿರಾಮದ ಗುಂಡಿ ಒತ್ತಿದರೆ ಕೆಲಸವಿಲ್ಲದೆ ನಿಂತ ವಿಲೇಜರ್ ಸಿಗುತ್ತಾನೆ. ಸೈನಿಕರನ್ನು ಆರಿಸಿ ಒಮ್ಮೆ ಕಂಟ್ರೋಲ್ ಜೊತೆ 1 ಒತ್ತು, ಆಮೇಲೆ ಬರೀ 1 ಒತ್ತಿದರೆ ಸಾಕು, ಆ ದಂಡು ನಿನ್ನದು. ಸದ್ಯಕ್ಕೆ ಈ ಮೂರೇ ಸಾಕು. ಯುದ್ಧ ಎಷ್ಟೇ ಜೋರಾಗಿರಲಿ, ನಡುನಡುವೆ ಎಚ್ ಒತ್ತಿ ಊರಿಗೆ ಬಂದು ಹೋಗುವ ರೂಢಿ ಮಾಡಿಕೋ. ಕತ್ತಿ ಝಳಪಿಸುವುದನ್ನೇ ನೋಡುತ್ತಾ ನಿಂತವರ ಊರು ಬಡವಾಗುತ್ತದೆ.

ಯಾರ ಮೇಲೆ ಯಾರು ಅನ್ನುವುದನ್ನು ಬಾಯಿಪಾಠ ಮಾಡಬೇಕು, ಬೇರೆ ದಾರಿಯಿಲ್ಲ. ಭರ್ಜಿಯವನು ಕುದುರೆಯವನನ್ನು ಕೆಡವುತ್ತಾನೆ, ಕುದುರೆಯವನು ಬಿಲ್ಲುಗಾರನನ್ನು, ಬಿಲ್ಲುಗಾರ ಭರ್ಜಿಯವನನ್ನು. ಬಿಲ್ಲುಗಾರರಿಗೆ ಅಗ್ಗದ ಮದ್ದು ಈಟಿ ಎಸೆಯುವ ಸ್ಕರ್ಮಿಷರ್. ಎದುರಾಳಿ ಏನು ಮಾಡುತ್ತಿದ್ದಾನೆ ಅಂತ ಸ್ಕೌಟ್ ಕಳಿಸಿ ನೋಡಿಕೊಂಡು ಮದ್ದು ಅರೆಯಬೇಕು. ಎಲ್ಲ ಬಗೆಯವರನ್ನೂ ಸ್ವಲ್ಪ ಸ್ವಲ್ಪ ಮಾಡಿದರೆ ಯಾವುದೂ ದಂಡಾಗುವುದಿಲ್ಲ.

ಯಾವ ನಾಗರಿಕತೆ ಆರಿಸಲಿ ಅಂತ ಕೇಳಿದ್ದೆ. 2022ರ ಏಪ್ರಿಲ್‌ನಲ್ಲಿ ಬಂದ 'ಡೈನಾಸ್ಟೀಸ್ ಆಫ್ ಇಂಡಿಯಾ' ಅನ್ನುವ ವಿಸ್ತರಣೆಯಲ್ಲಿ ದ್ರಾವಿಡಿಯನ್ಸ್ ಇದ್ದಾರೆ, ನಮ್ಮವರು ಅನ್ನುವ ಆಸೆ ನನಗೂ ಇದೆ. ಒಂದೊಂದು ಯುಗ ದಾಟಿದಾಗಲೂ ಅವರಿಗೆ 200 ಮರ ಪುಕ್ಕಟೆ. ಆದರೆ ಅವರಿಗೆ ನೈಟ್ ಸವಾರರಿಲ್ಲ, ಹೊಸಬರಿಗೆ ಅದು ಭಾರವಾಗುತ್ತದೆ. ಮೊದಲು ಫ್ರಾಂಕ್ಸ್ ತೆಗೆದುಕೋ. ಹೊಲದ ಸುಧಾರಣೆಗಳು ಅವರಿಗೆ ಖರ್ಚಿಲ್ಲದೆ ಬರುತ್ತವೆ, ಸವಾರರು ಗಟ್ಟಿ. ಒಂದೇ ನಾಗರಿಕತೆಯನ್ನು ಬಿಡದೆ ಆಡಿದರೆ ಕೈ ಕೂರುತ್ತದೆ, ದಿನಕ್ಕೊಂದು ಬದಲಿಸಿದರೆ ಇಲ್ಲ.

ಸೋತಾಗ ಕಂಪ್ಯೂಟರ್ ಮುಚ್ಚಬೇಡ. ಆಟವನ್ನು ದಾಖಲಿಸಿಟ್ಟುಕೊಳ್ಳಬಹುದು. ಮೊದಲ ಹತ್ತು ನಿಮಿಷ ಮಾತ್ರ ಮತ್ತೆ ನೋಡಿ, ಟೌನ್ ಸೆಂಟರ್ ಯಾವ ಯಾವ ಹೊತ್ತಿನಲ್ಲಿ ಖಾಲಿ ನಿಂತಿತ್ತು ಅಂತ ಹಾಳೆಯಲ್ಲಿ ಬರೆದುಕೋ. ಮುಂದಿನ ಆಟದಲ್ಲಿ ಅದನ್ನಷ್ಟೇ ಕಡಿಮೆ ಮಾಡು, ಗೆಲುವಿನ ಯೋಚನೆ ಬೇಡ. ಕೊನೆಯ ಯುದ್ಧವನ್ನು ನೋಡಿ ಕೊರಗಿದರೆ ಏನೂ ಸಿಗುವುದಿಲ್ಲ.

"ಹುಡುಗೀರು ಇದನ್ನ ಆಡ್ತಾರಾ ಅಂತ ರೂಮಿನವರು ನಗ್ತಾರೆ" ಅಂದದ್ದು ನನ್ನ ಮನಸ್ಸಿಗೆ ನಾಟಿದೆ. ಅವರಿಗೆ ಇದನ್ನು ಹೇಳು. 2013ರಲ್ಲಿ ಗ್ಲಾಸ್, ಮ್ಯಾಡಾಕ್ಸ್, ಲವ್ ಅನ್ನುವ ವಿಜ್ಞಾನಿಗಳು 'ಪ್ಲಾಸ್ ಒನ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಟದ ಅಭ್ಯಾಸವೇ ಇಲ್ಲದವರಿಗೆ ಇದೇ ಜಾತಿಯ 'ಸ್ಟಾರ್‌ಕ್ರಾಫ್ಟ್' ಆಟವನ್ನು 40 ಗಂಟೆ ಆಡಿಸಿದರು. ಭಾಗವಹಿಸಿದವರೆಲ್ಲ ಹೆಣ್ಣುಮಕ್ಕಳು. ಒಂದು ಗುಂಪಿಗೆ ಒಂದೇ ನೆಲೆ, ಇನ್ನೊಂದಕ್ಕೆ ಒಟ್ಟಿಗೆ ಎರಡು ನೆಲೆ ನೋಡಿಕೊಳ್ಳುವ ಕೆಲಸ. ಎರಡು ನೆಲೆ ನೋಡಿಕೊಂಡವರ ಮನಸ್ಸು ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ಚುರುಕಿನಲ್ಲಿ ಎಲ್ಲರಿಗಿಂತ ಮುಂದೆ ಬಂತು. ಊರನ್ನೂ ದಂಡನ್ನೂ ಒಟ್ಟಿಗೆ ನೋಡು ಅಂತ ನಾನು ಪಟ್ಟು ಹಿಡಿಯುವುದಕ್ಕೆ ಅದೂ ಒಂದು ಕಾರಣ.

ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ. ಭಾವನವರಿಗೆ ಆನ್‌ಲೈನ್ ಆಟ ಅಂದರೆ ರಮ್ಮಿ, ಬೆಟ್ಟಿಂಗು, ಸಾಲ ಅನ್ನುವ ಭಯ, ಆ ಭಯ ಸುಳ್ಳೂ ಅಲ್ಲ. ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾಯಿದೆ ನಿಷೇಧಿಸಿದೆ, ಇ-ಕ್ರೀಡೆಯನ್ನು ಅದೇ ಕಾಯಿದೆ ಬೇರೆಯಾಗಿ ಗುರುತಿಸಿದೆ. ಈ ಗೆರೆಯನ್ನು ನೀನೂ ದಾಟಬಾರದು. ಯಾರಾದರೂ ಪಣ ಕಟ್ಟೋಣ ಅಂದರೆ ಅವರ ಜೊತೆ ಆಡಬೇಡ. ರಾತ್ರಿ ಊಟ ಬಿಟ್ಟು ಆಡಬೇಡ, ಒಂದು ಆಟ ಮುಗಿದಮೇಲೆ ಎದ್ದು ನೀರು ಕುಡಿ. ಇಂಟರ್ನಲ್ಸ್ ಇರುವ ವಾರ ಮುಟ್ಟಲೇಬೇಡ, ನನಗೆ ಮಾತು ಕೊಡು.

ದಂಡಿನ ಮಾರಮ್ಮನ ಜಾತ್ರೆಗೆ ಬರುತ್ತೀಯಲ್ಲ, ಲ್ಯಾಪ್‌ಟಾಪ್ ಮರೆಯದೆ ತಾ. ನಾವಿಬ್ಬರೂ ಒಂದೇ ಪಕ್ಷದಲ್ಲಿ, ಎದುರಿಗೆ ಇಬ್ಬರು ಕಂಪ್ಯೂಟರ್ ಎದುರಾಳಿಗಳು, 'ಮಾಡರೇಟ್' ಮಟ್ಟ. ಅಷ್ಟರೊಳಗೆ ನಿನ್ನ ಹಾಳೆಯ ಲೆಕ್ಕವನ್ನು ವಾಟ್ಸ್ಆ್ಯಪಿನಲ್ಲಿ ಕಳಿಸುತ್ತಿರು, ಎಷ್ಟೇ ಕೆಟ್ಟದಾಗಿದ್ದರೂ ಸರಿ. ಅತ್ತೆ ಹುರಿಗಡಲೆ ಉಂಡೆ ಕಟ್ಟಿ ಇಟ್ಟಿದ್ದಾಳೆ, ಶನಿವಾರ ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತೇವೆ.

ಇಂತಿ ನಿನ್ನ ಪ್ರೀತಿಯ
ಮಾವ